ಎತ್ತರದ ಕಟ್ಟಡವೂ ಕಂಗಿನ ಮರವೂ

ನೇತ್ರಾವತಿಯ ದಡದಲ್ಲಿ, ಪಾಣೆಮಂಗಳೂರಿನ ನೆರೆಗೆ, ನರಿಕೊಂಬು ಎಂಬ ಗ್ರಾಮವಿದೆ. ಸಾಯಂಕಾಲದಲ್ಲಿ ಅಲ್ಲಿಯ ತೋಟವೊಂದರ ಅಂಚಿಗೆ ನಿಂತು ಪಡುವಣ ದಿಕ್ಕನ್ನು ನೋಡಿದರೆ, ಬಾನಿನ ಬೆಳಕಿಗೆ ಎದುರಾಗಿ ಒಂದು ಕಪ್ಪು ಗೆರೆ ಏರಿಳಿಯುತ್ತ ಸಾಗುವುದು ಕಾಣುತ್ತದೆ. ತೆಂಗಿನ ತಲೆಗಳು, ಅವುಗಳ ನಡುವೆ ಸಾಲು ಹಿಡಿದ ಕಂಗಿನ ತಲೆಗಳು, ಅಲ್ಲಲ್ಲಿ ಒಂದು ಹಲಸು, ಒಂದು ಮಾವು: ಇವೆಲ್ಲ ಸೇರಿ ಬರೆದ ಗೆರೆ ಅದು. ಮನೆಗಳ ಮಾಡುಗಳು ಹೆಚ್ಚಾಗಿ ಆ ಗೆರೆಯ ಕೆಳಗೇ ಅಡಗಿರುತ್ತವೆ. ಊರೊಂದು ಆಕಾಶದ ಮೇಲೆ ಬರೆಯುವ ಇಂಥ ಗೆರೆಯನ್ನು ನಾವು ಆಕಾಶರೇಖೆ ಎಂದು ಕರೆಯೋಣ. ಅಲ್ಲಿಂದ ಪಡುವಣಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರ ಹೋದರೆ ಮಂಗಳೂರು. ಅಲ್ಲಿಯ ಗುಡ್ಡಗಳ ಮೇಲೆ ಆಕಾಶರೇಖೆಯನ್ನು ಬರೆಯುವ ಕೆಲಸವನ್ನು ಮರಗಳ ಕೈಯಿಂದ ಕಾಂಕ್ರೀಟು ಕಿತ್ತುಕೊಂಡು ಬಹುಕಾಲವಾಯಿತು. ಮೂವತ್ತು ಅಂತಸ್ತನ್ನು ಮೀರಿದ ವಸತಿಗೃಹಗಳು ಕೂಡ ಅಲ್ಲಿ ಎದ್ದಿವೆ. ಇನ್ನು ಲಂಡನ್ ನಗರದಲ್ಲಾದರೋ, ಯಾವ ಕಟ್ಟಡ ಎಲ್ಲಿ ಎಷ್ಟು ಏರಬಹುದು ಎಂಬ ಬಗ್ಗೆ ನೂರು ವರ್ಷಕ್ಕೂ ಮೀರಿ ವಾದ ನಡೆದಿದೆ.

ಕಟ್ಟಡವೊಂದು ಎಷ್ಟು ಎತ್ತರಕ್ಕೆ ಏರಬಲ್ಲುದು? ಅದನ್ನು ತಡೆಯುವುದು ಯಾವುದು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಟ್ಟರೆ ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಉತ್ತರ ಒಂದೇ: ‘ಮೇಲಿನ ಭಾರಕ್ಕೆ ಕೆಳಗಿನ ಕಲ್ಲು ನುಚ್ಚುನೂರಾಗುತ್ತದೆ, ಆದುದರಿಂದ.’ ಉತ್ತರ ಸಹಜವಾಗಿಯೇ ಇದೆ. ಆದರೆ ಅದು ಸರಿಯೇ ಎಂಬುದನ್ನು ಲೆಕ್ಕ ಹಾಕಿ ನೋಡಿದಲ್ಲದೆ ಹೇಳಬಾರದು.

ನಮ್ಮ ಕರಾವಳಿಯ ಮುರಕಲ್ಲನ್ನೇ ತೆಗೆದುಕೊಳ್ಳೋಣ. ಗೋಡೆಗೆ ಯೋಗ್ಯವಾದ ಮುರಕಲ್ಲು ಒಂದು ಚದರ ಸೆಂಟಿಮೀಟರಿಗೆ ಕಡಮೆಯೆಂದರೆ ಸುಮಾರು ೩೫ ಕಿಲೋಗ್ರಾಂ ಭಾರವನ್ನು ತಾಳತಕ್ಕದ್ದು ಎಂದು ಭಾರತೀಯ ಮಾನಕವು ವಿಧಿಸುತ್ತದೆ. ಮುರಕಲ್ಲಿನ ಒಂದು ಘನ ಮೀಟರು ಸುಮಾರು ಎರಡು ಟನ್ನು ತೂಗುತ್ತದೆಂದು ಇಟ್ಟುಕೊಂಡರೆ, ಒಂದು ಚದರ ಸೆಂಟಿಮೀಟರ್ ಅಡ್ಡಗಲವೂ ಒಂದು ಮೀಟರ್ ಎತ್ತರವೂ ಉಳ್ಳ ಕಲ್ಲಿನ ಕಡ್ಡಿಯ ತೂಕ ೨೦೦ ಗ್ರಾಂ. ಇಂಥ ಕಡ್ಡಿಗಳನ್ನು ಒಂದರ ಮೇಲೊಂದು ನಿಲ್ಲಿಸುತ್ತ ಹೋದರೆ ೧೭೫ನೆಯದನ್ನು ಇಡುವಾಗ ತಳದ ಕಲ್ಲಿನ ಮೇಲೆ ೩೫ ಕಿಲೋಗ್ರಾಂ ಬಿದ್ದು ಅದು ಪುಡಿಯಾಗುತ್ತದೆ. ಹಾಗಾದರೆ ಬಡಪಾಯಿ ಮುರಕಲ್ಲು ಕೂಡ ತನ್ನ ಭಾರವೊಂದನ್ನೇ ಹೊರುವುದಾದರೆ ೧೭೫ ಮೀಟರು ನಿಲ್ಲಬಲ್ಲುದು! ಕರಿಯ ಗ್ರಾನೈಟಿನ ಲೆಕ್ಕವನ್ನು ಇದೇ ರೀತಿ ಮಾಡಿದರೆ ಮೂರುವರೆ ಕಿಲೋಮೀಟರಿಗೂ ಮಿಕ್ಕ ಸಂಖ್ಯೆ ಬರುತ್ತದೆ. ಅಷ್ಟೆತ್ತರದ ಕಟ್ಟಡವನ್ನು ಇಂದಿಗೂ ಯಾರೂ ಕಟ್ಟಿಲ್ಲ. ಅಂದಮೇಲೆ ಎತ್ತರವನ್ನು ತಡೆಯುವ ಶಕ್ತಿ ಬೇರೆ ಎಲ್ಲೋ ಇರಬೇಕೆಂದಾಯಿತು.

ವ್ಯವಹಾರದಲ್ಲಿ ಮುರಕಲ್ಲಿನ ಮನೆ ೧೭೫ ಮೀಟರಿನ ಹತ್ತಿರಕ್ಕೂ ಸುಳಿಯುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಕಲ್ಲು ಕಲ್ಲಿಗೆ ಗುಣ ಬೇರೆ. ನಡುವಿನ ಗಾರೆ ಕಲ್ಲಿಗಿಂತ ದುರ್ಬಲ. ಮಳೆಗೆ ನೆನೆದ ಮುರಕಲ್ಲು ಒಣಕಲ್ಲಿನಷ್ಟು ಗಟ್ಟಿಯಲ್ಲ. ಆದುದರಿಂದ ಕಲ್ಲು ತಾಳಬಲ್ಲ ಭಾರದ ಹತ್ತನೆಯ ಒಂದಂಶವನ್ನು ಮಾತ್ರ ಹೊರಿಸುವುದು ವಿವೇಕ. ಆಗ ೧೭೫ ಮೀಟರು ಹದಿನೇಳಕ್ಕೆ ಇಳಿಯುತ್ತದೆ. ಅದರ ಮೇಲೆ ಅಂತಸ್ತುಗಳ ನೆಲ, ಮಾಡು, ಜನ, ಸಾಮಾನು ಇವುಗಳ ಭಾರ. ಬಾಗಿಲು ಕಿಟಕಿಗಳಿಗಾಗಿ ಗೋಡೆಯಲ್ಲಿ ತೆರೆದ ಬಾಯಿಗಳು. ಕೊನೆಗೆ ಮೂರು ನಾಲ್ಕು ಅಂತಸ್ತಿಗೆ ಲೆಕ್ಕ ಮುಗಿಯುತ್ತದೆ.

ನಮ್ಮ ಹಿರಿಯರಿಗೆ ಈ ಲೆಕ್ಕ ಬರಹದಲ್ಲಿ ಗೊತ್ತಿದ್ದಿರಲಾರದು, ಕೈಯಲ್ಲಿ ಗೊತ್ತಿತ್ತು. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದವರಿಗೆ ಇದು ತಿಳಿಯುತ್ತದೆ. ೧೪೩೦ರ ಸುಮಾರಿಗೆ ಕಟ್ಟಿದ ಆ ಬಸದಿಗೆ ಮೂರು ನೆಲೆಗಳು. ಕೆಳಗಿನ ನೆಲೆ ಭಾರಿ ಕಲ್ಲಿನದು, ಮೇಲಿನವು ಮರದವು. ಮೇಲಕ್ಕೆ ಹೋದಂತೆ ಕಟ್ಟಡ ಕಿರಿದಾಗಬೇಕು, ಹಗುರವಾಗಬೇಕು ಎಂಬ ತತ್ತ್ವ ಅಲ್ಲಿ ಕಣ್ಣಿಗೆ ಕಟ್ಟುವಂತಿದೆ. ಜೊತೆಗೆ ಇಳಿಜಾರಾದ ಮಾಡು: ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಗೋಡೆಗಿಂತ ಮಾಡಿನ ಚಿಂತೆಯೇ ದೊಡ್ಡದು. ಗೋಡೆಯನ್ನು ಎತ್ತರಿಸಿದಷ್ಟೂ ಮಾಡಿನ ಚಾಚು ಅದನ್ನು ಎರಚಲಿನಿಂದ ಕಾಪಾಡಲಾರದು. ಕರಾವಳಿಯ ಹಳೆಯ ಮನೆಗಳು ತಗ್ಗಾಗಿ, ಮಾಡನ್ನು ಹಣೆಯವರೆಗೆ ಎಳೆದುಕೊಂಡು ಕುಳಿತಿರುವುದು ಇದರಿಂದಲೇ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಸ್ಥಾನಕ್ಕೆ ಹಂಚು ಬಂತು, ಬೆಂಕಿಯ ಭಯ ಕಡಮೆಯಾಯಿತು. ಆದರೆ ಮನೆಯ ಎತ್ತರ ಹೆಚ್ಚೇನೂ ಬದಲಾಗಲಿಲ್ಲ. ಬಹು ಎತ್ತರವನ್ನು ಬಯಸಿದಾಗ ನಮ್ಮ ಶಿಲ್ಪಿಗಳು ಒಂದೇ ಕಲ್ಲಿನ ಮೊರೆಹೊಕ್ಕರು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೧೬೦೪ರಲ್ಲಿ ನಿಂತ ಗೊಮ್ಮಟನ ಎತ್ತರ ಸುಮಾರು ೩೫ ಅಡಿ. ಅದು ಮೂರ್ತಿ, ಅದರೊಳಗೆ ಯಾರೂ ಒಕ್ಕಲಿರಬೇಕಾಗಿಲ್ಲ.

ಕಲ್ಲು ಇಟ್ಟಿಗೆಗಳ ಗೋಡೆಯನ್ನೇ ನಂಬಿ ಎಷ್ಟು ಮೇಲೇರಬಹುದೆಂಬುದರ ಕೊನೆಯ ಸಾಹಸಗಳಲ್ಲಿ ಒಂದು ಅಮೆರಿಕದ ಶಿಕಾಗೋ ನಗರದ ಮೊನಡ್ನಾಕ್ ಕಟ್ಟಡ. ೧೮೯೧ರಲ್ಲಿ ಮುಗಿದ ಅದಕ್ಕೆ ಹದಿನಾರು ಅಂತಸ್ತು. ಭಾರವನ್ನು ಹೊರುವ ಸಲುವಾಗಿ ಅದರ ಗೋಡೆಗಳನ್ನು ತಳದಲ್ಲಿ ಆರು ಅಡಿ ದಪ್ಪ ಮಾಡಬೇಕಾಯಿತು. ಬೆಲೆಬಾಳುವ ನೆಲದ ಒಂದು ದೊಡ್ಡ ಪಾಲನ್ನು ಗೋಡೆಯೇ ನುಂಗಿತು. ಅದೇ ನಗರದಲ್ಲಿ ೧೮೮೫ರಲ್ಲಿಯೇ ಬೇರೊಂದು ಹಾದಿ ತೆರೆದಿತ್ತು. ಹೋಂ ಇನ್ಶೂರೆನ್ಸ್ ಎಂಬ ಹತ್ತು ಅಂತಸ್ತಿನ ಕಟ್ಟಡದಲ್ಲಿ ಭಾರವನ್ನು ಹೊತ್ತದ್ದು ಬಹುಮಟ್ಟಿಗೆ ಕಬ್ಬಿಣ ಮತ್ತು ಉಕ್ಕಿನ ಕಂಬ ತೊಲೆಗಳ ಚೌಕಟ್ಟು. ಪ್ರಾಣಿಯ ಮೈಯಲ್ಲಿ ಎಲುಬು ಭಾರ ಹೊತ್ತು ಚರ್ಮವು ಹೊದಿಕೆಯಾಗಿರುವಂತೆ, ಇಲ್ಲಿಂದ ಮುಂದೆ ಗೋಡೆಯು ಕೇವಲ ಹೊದಿಕೆಯಾಯಿತು. ಇಂದು ಮಂಗಳೂರಿನ ಎತ್ತರದ ಮನೆಗಳಲ್ಲಿಯೂ ಭಾರ ಹೊರುವುದು ಉಕ್ಕಿನ ಸರಳುಗಳನ್ನು ಹುದುಗಿಸಿದ ಕಾಂಕ್ರೀಟಿನ ಚೌಕಟ್ಟೇ. ನಡುವೆ ತುಂಬಿದ ಕಲ್ಲು ಬಿಸಿಲು ಮಳೆಗೆ ತಡೆಯಷ್ಟೆ. ಚೌಕಟ್ಟಿನ ಜೊತೆಗೆ ಇನ್ನೊಂದು ಉಪಕರಣವೂ ಬೇಕಾಗಿತ್ತು. ಐದಾರು ಅಂತಸ್ತುಗಳಿಗಿಂತ ಮೇಲೆ ಮೆಟ್ಟಿಲು ಹತ್ತಿ ಬಾಳುವವರು ವಿರಳ. ಹಗ್ಗ ಕಡಿದರೂ ಕೆಳಗೆ ಬೀಳದ ಲಿಫ್ಟನ್ನು ಎಲಿಷಾ ಓಟಿಸ್ ಎಂಬಾತ ೧೮೫೪ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ, ತಾನೇ ಅದರ ಮೇಲೆ ನಿಂತು ಹಗ್ಗ ಕಡಿಸಿ, ಜನರಿಗೆ ತೋರಿಸಿದ್ದನು.

ಹೀಗೆ ಭಾರದ ತೊಡಕೂ ಮೆಟ್ಟಿಲಿನ ತೊಡಕೂ ಕಳೆದವು. ಆಗ ಎದುರಿಗೆ ಬಂದು ನಿಂತದ್ದು ಗಾಳಿ. ಎತ್ತರದ ಕಟ್ಟಡದ ನಿಜವಾದ ಎದುರಾಳಿ ಇದೇ.

ಗಾಳಿ ವಸ್ತುವಿನ ಮೇಲೆ ಹೇರುವ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಮಂಗಳೂರಿನ ಪ್ರದೇಶಕ್ಕೆ ಕಟ್ಟಡಗಳ ಲೆಕ್ಕದಲ್ಲಿ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ ೩೯ ಮೀಟರ್ ಎಂದು ನಮ್ಮ ದೇಶದ ಸಂಹಿತೆ ಹೇಳುತ್ತದೆ. ಗಂಟೆಗೆ ೧೪೦ ಕಿಲೋಮೀಟರ್ ಎಂದಾಯಿತು. ಈ ವೇಗಕ್ಕೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು ೯೩ ಕಿಲೋಗ್ರಾಂ. ೫೦ ಮೀಟರು ಎತ್ತರ, ೩೦ ಮೀಟರು ಅಗಲವುಳ್ಳ ಕಟ್ಟಡದ ಒಂದು ಮುಖದ ಮೇಲೆ ೧೪೦ ಟನ್ನು ತಳ್ಳುವಿಕೆ. ಇದು ನಡು ಎತ್ತರದಲ್ಲಿ, ಎಂದರೆ ೨೫ ಮೀಟರಿನಲ್ಲಿ, ತಳ್ಳುತ್ತದೆಂದು ಭಾವಿಸಿದರೆ ಬುಡದಲ್ಲಿ ಕಟ್ಟಡವನ್ನು ಬಾಗಿಸುವ ಬಲ ೩೫೦೦ ಟನ್-ಮೀಟರು. ಅದೇ ಅಗಲದ ಕಟ್ಟಡವನ್ನು ೧೦೦ ಮೀಟರಿಗೆ ಏರಿಸಿರಿ. ತಳ್ಳುವಿಕೆ ೨೮೦ ಟನ್ನಾಯಿತು. ಸನ್ನೆಯ ತೋಳು ೫೦ ಮೀಟರಾಯಿತು. ಗುಣಿಸಿದರೆ ೧೪,೦೦೦ ಟನ್-ಮೀಟರು. ಎತ್ತರ ಇಮ್ಮಡಿಯಾದುದಕ್ಕೆ ಬಾಗಿಸುವ ಬಲ ನಾಲ್ಮಡಿಯಾಯಿತು. ಇದು ಸ್ಥೂಲವಾದ ಲೆಕ್ಕ. ಮೇಲಕ್ಕೆ ಹೋದಂತೆ ಗಾಳಿಯ ವೇಗವೂ ಹೆಚ್ಚುವುದರಿಂದ ನಿಜಸ್ಥಿತಿ ಇನ್ನೂ ಕಠಿನ. ತುದಿ ಪಕ್ಕಕ್ಕೆ ಸರಿಯುವ ಅಳತೆಯಂತೂ ಎತ್ತರದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ: ಎತ್ತರ ಎರಡು ಪಟ್ಟು, ಓಲಾಟ ಹದಿನಾರು ಪಟ್ಟು.

ಈಗ ನರಿಕೊಂಬಿನ ತೋಟಕ್ಕೆ ಹಿಂದಿರುಗೋಣ. ಹದಿನೆಂಟು ಮೀಟರ್ ಎತ್ತರ ಬೆಳೆದ ಕಂಗಿನ ಕಾಂಡದ ದಪ್ಪ ಹದಿನೈದು ಸೆಂಟಿಮೀಟರ್ ಇದ್ದರೆ ಹೆಚ್ಚು. ಎತ್ತರವು ದಪ್ಪದ ೧೨೦ ಪಟ್ಟು! ಮನುಷ್ಯನು ಕಟ್ಟಿದ ಅತಿ ಸಪೂರವಾದ ಗಗನಚುಂಬಿಗಳಲ್ಲಿ ಒಂದಾದ ನ್ಯೂಯಾರ್ಕಿನ ಸ್ಟೈನ್‌ವೇ ಗೋಪುರದಲ್ಲಿ ಈ ಪ್ರಮಾಣ ಸುಮಾರು ೨೪. ಈ ಕಂಗನ್ನು ಏರಿದವನು ಅಡಿಕೆ ಕೊಯ್ದಾದ ಮೇಲೆ ಕೆಳಕ್ಕೆ ಇಳಿಯದೆ, ತನ್ನ ಮೈಯ ಭಾರದಿಂದಲೇ ಮರವನ್ನು ತೂಗಾಡಿಸಿ, ನೆರೆಯ ಮರದ ತಲೆಯನ್ನು ಕೈಯಿಂದ ಹಿಡಿದು ಅದಕ್ಕೆ ದಾಟಿಕೊಳ್ಳುವುದನ್ನು ನೋಡಿದ್ದೀರಷ್ಟೆ. ಕಂಗುಗಳ ನಡುವಣ ಅಂತರ ವಾಡಿಕೆಯಂತೆ ಒಂಬತ್ತು ಅಡಿ. ಅದರ ದೊಡ್ಡ ಪಾಲಿನಷ್ಟು ತುದಿ ಬಾಗಿದರೂ ಮರ ಮುರಿಯುವುದಿಲ್ಲ, ಮರಳಿ ನೆಟ್ಟಗಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗ್ರಹಿಸಬೇಕು. ಬಲ ಬೇರೆ, ಬಿಗಿತ ಬೇರೆ. ಮುರಿಯದೆ ಇರುವುದು ಬಲ. ಬಾಗದೆ ಇರುವುದು ಬಿಗಿತ. ಕಂಗಿಗೆ ಬಲವುಂಟು, ಬಿಗಿತ ಅಷ್ಟಾಗಿ ಬೇಕಿಲ್ಲ. ಕಟ್ಟಡಕ್ಕೆ ಎರಡೂ ಬೇಕು. ಹದಿನೆಂಟು ಮೀಟರಿನ ಕಟ್ಟಡವೊಂದು ಕಂಗಿನಂತೆ ಓಲಾಡಿದರೆ ಅದು ಬೀಳದೆ ಉಳಿದರೂ ಗೋಡೆ ಬಿರಿದೀತು, ಕಿಟಕಿಯ ಗಾಜು ಉದುರೀತು, ಒಳಗಿನವರಿಗೆ ದೋಣಿಯಲ್ಲಿ ಕುಳಿತವರಂತೆ ತಲೆ ಸುತ್ತೀತು. ಆದುದರಿಂದ ಗಾಳಿಗೆ ಕಟ್ಟಡದ ತುದಿ ಸರಿಯುವ ದೂರವು ಎತ್ತರದ ಐನೂರನೆಯ ಒಂದಂಶವನ್ನು ಮೀರಕೂಡದೆಂದು ಎಂಜಿನಿಯರುಗಳು ಕಟ್ಟು ಹಾಕಿಕೊಂಡಿದ್ದಾರೆ. ಹದಿನೆಂಟು ಮೀಟರಿಗೆ ಮೂರುವರೆ ಸೆಂಟಿಮೀಟರ್ ಚಿಲ್ಲರೆ, ನೂರು ಮೀಟರಿಗೆ ಇಪ್ಪತ್ತು ಸೆಂಟಿಮೀಟರ್. ಬಹು ಎತ್ತರದ ಕಟ್ಟಡಗಳಲ್ಲಿ ಉಕ್ಕು ಕಾಂಕ್ರೀಟುಗಳ ಬಹುಭಾಗ ವೆಚ್ಚವಾಗುವುದು ಭಾರ ಹೊರುವುದಕ್ಕೆ ಮಾತ್ರವಲ್ಲ, ಈ ಓಲಾಟವನ್ನು ಅಡಗಿಸುವುದಕ್ಕೆ.

ಹಾಗಿದ್ದರೂ ಕಂಗಿನಿಂದ ಎಂಜಿನಿಯರನು ಕಲಿಯತಕ್ಕ ಪಾಠ ಒಂದು ಇದ್ದೇ ಇದೆ. ಕಂಗಿನ ಕಾಂಡವನ್ನು ಅಡ್ಡ ಕೊಯ್ದು ನೋಡಿರಿ. ಹೊರಸುತ್ತಿನಲ್ಲಿ ಕಪ್ಪಗೆ ಕಬ್ಬಿಣದಂತೆ ಗಟ್ಟಿಯಾದ ನಾರುಗಳ ಪದರ. ನಡುವೆ ಮೆತ್ತನೆಯ ತಿರುಳು. ನಮ್ಮ ಕೃಷಿಕರು ಮರವನ್ನು ಸೀಳಿ ತಿರುಳನ್ನು ಕೆತ್ತಿ ತೆಗೆದು, ಉಳಿದ ಓಡನ್ನು ನೀರು ಹಾಯಿಸುವ ದಂಬೆಯಾಗಿ ಉಪಯೋಗಿಸುತ್ತಿದ್ದರು. ಹೊರಗಿನ ಗಟ್ಟಿಭಾಗದ ಸಲಾಕೆಗಳನ್ನು ಮಾಡಿಗೂ ಚಪ್ಪರಕ್ಕೂ ಬಳಸುತ್ತಿದ್ದರು. ಪ್ರಕೃತಿ ಗಟ್ಟಿ ದ್ರವ್ಯವನ್ನು ಹೊರ ಅಂಚಿನಲ್ಲಿಯೇ ಏಕೆ ಇಟ್ಟಿತು? ಕಾಂಡ ಬಾಗುವಾಗ ಗಾಳಿ ಬೀಸುವ ಕಡೆಯ ನಾರುಗಳು ಎಳೆಯಲ್ಪಡುತ್ತವೆ, ಎದುರು ಕಡೆಯವು ಒತ್ತಲ್ಪಡುತ್ತವೆ. ಸರಿ ನಡುವಿನವಕ್ಕೆ ಎಳೆತವೂ ಇಲ್ಲ, ಒತ್ತೂ ಇಲ್ಲ. ನಡುವಿನಲ್ಲಿ ಎಷ್ಟು ದ್ರವ್ಯವಿದ್ದರೂ ಅದು ಸೋಮಾರಿ. ಲೆಕ್ಕದಿಂದಲೂ ಇದನ್ನು ತೋರಿಸಬಹುದು. ಗುಂಡಾದ ಘನಕೋಲೊಂದರ ನಡುವಿನಿಂದ, ವ್ಯಾಸದ ಹತ್ತರಲ್ಲಿ ಎಂಟು ಪಾಲಿನಷ್ಟು ಕೊರೆದು ತೆಗೆದರೆ ಉಳಿಯುವ ದ್ರವ್ಯ ನೂರಕ್ಕೆ ೩೬ ಮಾತ್ರ. ಆದರೆ ಬಿಗಿತ ನೂರಕ್ಕೆ ೫೯ ಉಳಿಯುತ್ತದೆ.

ಕಟ್ಟಡಗಳಲ್ಲಿ ಈ ತತ್ತ್ವವನ್ನು ಪೂರ್ಣವಾಗಿ ದುಡಿಸಿಕೊಂಡವನು ಢಾಕಾ ಮೂಲದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್. ಅದುವರೆಗೆ ಕಟ್ಟಡದ ಉದ್ದಗಲಕ್ಕೆ ಹಂಚಿ ಹಾಕುತ್ತಿದ್ದ ಕಂಬಗಳನ್ನು ಈತ ಹೊರ ಅಂಚಿಗೆ ತಂದು ಒತ್ತೊತ್ತಾಗಿ ನಿಲ್ಲಿಸಿ, ಅಡ್ಡತೊಲೆಗಳಿಂದ ಬಿಗಿದು, ಇಡೀ ಕಟ್ಟಡವನ್ನೇ ಒಂದು ಕೊಳವೆಯನ್ನಾಗಿ ಮಾಡಿದನು. ೧೯೬೦ರ ದಶಕದಲ್ಲಿ ಶಿಕಾಗೋದಲ್ಲಿ ಮೊದಲು ಪರೀಕ್ಷೆಗೊಂಡ ಈ ವಿಧಾನದಿಂದ ೧೯೭೩ರಲ್ಲಿ ಅದೇ ನಗರದ ಸಿಯರ್ಸ್ ಗೋಪುರ ೪೪೨ ಮೀಟರಿಗೆ ಏರಿತು. ಖಾನನು ಕಂಗಿನ ಮರವನ್ನು ನೋಡಿ ಇದನ್ನು ಕಲಿತನೆಂದು ನಾನು ಹೇಳುತ್ತಿಲ್ಲ. ಇಬ್ಬರ ಎದುರಿಗೂ ಇದ್ದದ್ದು ಒಂದೇ ಗಾಳಿ, ಒಂದೇ ಗಣಿತ.

ಆದರೆ ಮರವನ್ನು ಹಾಗೆಯೇ ದೊಡ್ಡದು ಮಾಡಿ ಗೋಪುರ ಕಟ್ಟಬಹುದೆಂದು ತಿಳಿಯಕೂಡದು. ಕಂಬವೊಂದು ತನ್ನ ಭಾರಕ್ಕೇ ಡೊಂಕಾಗದೆ ಎಷ್ಟು ಎತ್ತರ ನಿಲ್ಲಬಲ್ಲುದೆಂಬುದನ್ನು ಗ್ರೀನ್‌ಹಿಲ್ ಎಂಬ ಆಂಗ್ಲ ಗಣಿತಜ್ಞನು ೧೮೮೧ರಲ್ಲಿ ಲೆಕ್ಕ ಹಾಕಿದನು. ಅವನ ಸೂತ್ರದ ಪ್ರಕಾರ ಎತ್ತರ ನಾಲ್ಕು ಪಟ್ಟಾಗಬೇಕಾದರೆ ದಪ್ಪ ಎಂಟು ಪಟ್ಟಾಗಬೇಕು. ಹದಿನೆಂಟು ಮೀಟರಿಗೆ ಹದಿನೈದು ಸೆಂಟಿಮೀಟರ್ ಸಾಕಾದ ಕಂಗು ಎಪ್ಪತ್ತೆರಡು ಮೀಟರ್ ಬೆಳೆಯಬೇಕಾದರೆ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ದಪ್ಪವಾಗಬೇಕು. ಸಪೂರತೆ ೧೨೦ರಿಂದ ೬೦ಕ್ಕೆ ಇಳಿಯಿತು. ದೊಡ್ಡದಕ್ಕೆ ಸಣ್ಣದರ ಬೆಡಗು ದಕ್ಕುವುದಿಲ್ಲ.

ಗಾಳಿಗೆ ಇನ್ನೊಂದು ಉಪಾಯವೂ ತಿಳಿದಿದೆ. ಮಳೆಗಾಲದಲ್ಲಿ ಪಾಣೆಮಂಗಳೂರಿನ ಹಳೆಯ ಸೇತುವೆಯ ಕಂಬಗಳ ಹಿಂದೆ ನೇತ್ರಾವತಿಯ ಕೆಂಪು ನೀರನ್ನು ಗಮನಿಸಿದರೆ ಸುಳಿಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಳಚಿಕೊಂಡು ಹೋಗುವುದು ಕಾಣುತ್ತದೆ. ಕಟ್ಟಡದ ಬೆನ್ನ ಹಿಂದೆ ಗಾಳಿಯೂ ಹೀಗೆಯೇ ಸುಳಿಗಳನ್ನು ಕಳಚುತ್ತದೆ. ಪ್ರತಿ ಸುಳಿಯೂ ಕಟ್ಟಡವನ್ನು ತನ್ನ ಕಡೆಗೆ ಸ್ವಲ್ಪ ಜಗ್ಗುತ್ತದೆ. ಈ ಜಗ್ಗಾಟದ ಲಯವೂ ಕಟ್ಟಡ ತಾನಾಗಿ ಓಲಾಡುವ ಲಯವೂ ಒಂದಾದರೆ ತೊಟ್ಟಿಲನ್ನು ಹದವರಿತು ತೂಗಿದಂತಾಗಿ ಓಲಾಟ ಬೆಳೆಯುತ್ತದೆ. ೨೦೧೦ರಲ್ಲಿ ತೆರೆದ, ೮೨೮ ಮೀಟರ್ ಎತ್ತರದ ದುಬೈ ನಗರದ ಬುರ್ಜ್ ಖಲೀಫಾದ ಆಕಾರವನ್ನು ಮಜಲು ಮಜಲಾಗಿ ಬದಲಿಸಿರುವುದು ಈ ಸುಳಿಗಳು ಒಗ್ಗೂಡದಂತೆ ಮಾಡಲೆಂದೇ. ತೈಪೆ ನಗರದ ೫೦೮ ಮೀಟರಿನ ಗೋಪುರದಲ್ಲಿ ಮೇಲಂತಸ್ತುಗಳ ನಡುವೆ ೬೬೦ ಟನ್ನಿನ ಉಕ್ಕಿನ ಗುಂಡನ್ನು ಲೋಲಕದಂತೆ ತೂಗುಬಿಟ್ಟಿದ್ದಾರೆ. ಗೋಪುರ ಒಂದು ಕಡೆಗೆ ಸರಿದರೆ ಅದು ಹಿಂದುಳಿದು ಮತ್ತೊಂದು ಕಡೆಗೆ ಜಗ್ಗುತ್ತದೆ.

ನೀರಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ನೂರು ಮೀಟರ್ ಮೇಲಿನ ತೊಟ್ಟಿಯಿಂದ ನೇರವಾಗಿ ಕೆಳ ಅಂತಸ್ತಿಗೆ ಕೊಳಾಯಿ ಇಳಿಸಿದರೆ ನಲ್ಲಿಯಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಕಿಲೋಗ್ರಾಂ ಒತ್ತಡ ಬಂದು ಜೋಡಣೆಗಳು ಕಿತ್ತುಹೋಗುತ್ತವೆ. ಆದುದರಿಂದ ನಡುನಡುವೆ ತೊಟ್ಟಿಗಳನ್ನೋ ಒತ್ತಡ ತಗ್ಗಿಸುವ ಕವಾಟಗಳನ್ನೋ ಇಡುತ್ತಾರೆ.

ಇಷ್ಟೆಲ್ಲ ಸಾಧ್ಯವಾದ ಮೇಲೆ ‘ಎಷ್ಟು ಏರಬಹುದು’ ಎಂಬ ಪ್ರಶ್ನೆ ಎಂಜಿನಿಯರನ ಕೈಬಿಟ್ಟು ಊರಿನವರ ಕೈಗೆ ಬರುತ್ತದೆ. ಬೆಂಗಳೂರಿನಲ್ಲಿ ೧೯೫೬ರಲ್ಲಿ ಮುಗಿದ ವಿಧಾನಸೌಧದ ಎತ್ತರ ಸುಮಾರು ೪೬ ಮೀಟರ್. ೧೯೭೩ರಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಯುಟಿಲಿಟಿ ಕಟ್ಟಡ ೨೫ ಅಂತಸ್ತುಗಳೊಂದಿಗೆ ೧೦೬ ಮೀಟರಿಗೆ ಏರಿ, ಮರಗಳ ನಡುವೆ ಅಡಗಿದ್ದ ಆ ನಗರಕ್ಕೆ ಹೊಸ ಆಕಾಶರೇಖೆಯ ಮೊದಲ ಮೊನೆಯಾಯಿತು. ಅದರ ಮುಂಚೆ ಊರಿನವರಲ್ಲಿ ಎಷ್ಟು ಮಂದಿ ಈ ಬಗ್ಗೆ ಯೋಚಿಸಿದ್ದರೋ! ಲಂಡನ್ನಿನವರು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿದರೆನ್ನಬೇಕು. ೧೬೬೬ರ ಮಹಾಗ್ನಿಯ ಬಳಿಕ ಕ್ರಿಸ್ಟೋಫರ್ ರೆನ್ ಕಟ್ಟಿದ ಸೇಂಟ್ ಪಾಲ್ ಇಗರ್ಜಿಯ ಗುಮ್ಮಟ ೩೬೫ ಅಡಿ ಎತ್ತರವಾಗಿ, ೧೯೬೦ರ ದಶಕದ ಆರಂಭದವರೆಗೂ ಆ ನಗರದಲ್ಲಿ ಸರಿಸಾಟಿಯಿಲ್ಲದೆ ನಿಂತಿತ್ತು. ೧೮೯೪ರ ಶಾಸನವು ಹೊಸ ಕಟ್ಟಡಗಳನ್ನು ೮೦ ಅಡಿಗೆ ನಿಲ್ಲಿಸಿತು. ೧೯೩೦ರ ದಶಕದಲ್ಲಿ ಗುಮ್ಮಟದ ಸುತ್ತಣ ಕಟ್ಟಡಗಳಿಗೆ ಬೇರೆಯೇ ಎತ್ತರದ ಮಿತಿಗಳನ್ನು ಗೊತ್ತುಪಡಿಸಿದರು. ರಿಚ್ಮಂಡ್ ಉದ್ಯಾನದ ಒಂದು ದಿಬ್ಬದಿಂದ, ಸುಮಾರು ಹದಿನಾರು ಕಿಲೋಮೀಟರ್ ದೂರದಲ್ಲಿ, ಮರಗಳ ಸಂದಿನಿಂದ ಆ ಗುಮ್ಮಟ ಕಾಣುತ್ತದೆ; ಆ ದೃಷ್ಟಿರೇಖೆಗೆ ಅಡ್ಡವಾಗಿ ಯಾವುದೂ ಏಳಕೂಡದೆಂದು ಇಂದಿಗೂ ನಿಯಮವಿದೆ. ೨೦೧೨ರಲ್ಲಿ ೩೧೦ ಮೀಟರಿನ ಶಾರ್ಡ್ ಗೋಪುರ ಮುಗಿದಿರುವ, ಅದರ ಎದುರು ದಡದಲ್ಲಿ ಗೋಪುರಗಳ ಗುಂಪೇ ಬೆಳೆದಿರುವ ನಗರದಲ್ಲಿ, ಕಣ್ಣಿಗೆ ಕಾಣದ ಇಂಥ ರೇಖೆಗಳು ಕಟ್ಟಡಗಳನ್ನು ಅತ್ತ ಇತ್ತ ಒತ್ತರಿಸಿ ನಿಲ್ಲಿಸಿವೆ. ಒಂದು ನೋಟವನ್ನು ಸಾರ್ವಜನಿಕ ಸ್ವತ್ತೆಂದು ಪರಿಗಣಿಸಿದ ಈ ಕ್ರಮ ನನಗೆ ಆ ಎಲ್ಲ ಗೋಪುರಗಳಿಗಿಂತ ದೊಡ್ಡದಾಗಿ ತೋರುತ್ತದೆ.

ಎತ್ತರದ ಕಟ್ಟಡ ತನ್ನ ಒಳಗಿನವರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಗೋಪುರದ ಮುಖಕ್ಕೆ ಬಡಿದ ಮೇಲ್ಗಾಳಿ ಕೆಳಕ್ಕೆ ಜಾರಿ ಬೀದಿಯಲ್ಲಿ ಬಿರುಗಾಳಿಯಾಗುವುದುಂಟು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ೨೦೧೧ರಲ್ಲಿ ೧೧೨ ಮೀಟರಿನ ಕಟ್ಟಡವೊಂದರ ಬುಡದಲ್ಲಿ ಇಂಥ ಗಾಳಿಗೆ ಲಾರಿಯೊಂದು ಮಗುಚಿ ದಾರಿಹೋಕನೊಬ್ಬನು ಸತ್ತನು. ಲಂಡನ್ನಿನ ಫೆಂಚರ್ಚ್ ಬೀದಿಯ ಗೋಪುರದ ತೆಂಕಣ ಮುಖ ಒಳಕ್ಕೆ ಬಾಗಿದ ಗಾಜಿನದು. ನಿಮ್ಮ ಪ್ರಯೋಗಶಾಲೆಯ ನಿಮ್ನ ದರ್ಪಣದಂತೆಯೇ ಅದು ೨೦೧೩ರಲ್ಲಿ ಬಿಸಿಲನ್ನು ಒಂದೆಡೆ ಕೂಡಿಸಿ, ಬೀದಿಯಲ್ಲಿ ನಿಲ್ಲಿಸಿದ್ದ ಮೋಟಾರು ಕಾರಿನ ಭಾಗಗಳನ್ನು ಕರಗಿಸಿತು. ಆಮೇಲೆ ಅದಕ್ಕೆ ಬಿಸಿಲುತಡೆಗಳನ್ನು ಹೊಂದಿಸಿದರು.

ಬೆಂಕಿಯದು ಇವೆಲ್ಲಕ್ಕಿಂತ ಗಂಭೀರವಾದ ಮಾತು. ೨೦೧೭ರ ಜೂನ್ ೧೪ರಂದು ಲಂಡನ್ನಿನ ೨೪ ಅಂತಸ್ತಿನ ಗ್ರೆನ್‌ಫೆಲ್ ಗೋಪುರದಲ್ಲಿ ನಾಲ್ಕನೆಯ ಅಂತಸ್ತಿನ ಶೀತಕಪೆಟ್ಟಿಗೆಯೊಂದರಿಂದ ಹುಟ್ಟಿದ ಬೆಂಕಿ, ಹೊರಗೋಡೆಗೆ ಅಂದಕ್ಕೂ ಬೆಚ್ಚಗಿಡುವುದಕ್ಕೂ ಹೊದಿಸಿದ್ದ ಹಲಗೆಗಳ ಮೂಲಕ ತುದಿಯವರೆಗೆ ಓಡಿತು. ೭೨ ಮಂದಿ ಮಡಿದರು. ಆ ಹಲಗೆಗಳಲ್ಲಿ ಅಲ್ಯುಮಿನಿಯಮ್ ತಗಡುಗಳ ನಡುವೆ ಇದ್ದದ್ದು ಉರಿಯುವ ಪ್ಲಾಸ್ಟಿಕ್ಕು. ಕಟ್ಟಡದ ಎಲುಬು ಉಳಿಯಿತು, ಚರ್ಮ ಕೊಂದಿತು. ಬೆಂಗಳೂರಿನಲ್ಲಿ ೨೦೧೦ರ ಫೆಬ್ರವರಿ ೨೩ರಂದು ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಬೆಂಕಿ ಎದ್ದು ಒಂಬತ್ತು ಮಂದಿ ಸತ್ತರು. ಅದು ಲೋಕದ ಲೆಕ್ಕದಲ್ಲಿ ಎತ್ತರದ ಕಟ್ಟಡವೇ ಅಲ್ಲ. ಹೊಗೆ ಬಿಸಿಯಾದುದರಿಂದ ಮೇಲಕ್ಕೆ ಏರುತ್ತದೆ. ತಂತಿಗಳೂ ಕೊಳವೆಗಳೂ ಸಾಗುವ ಬಾವಿಯಂಥ ಸಂದುಗಳು ಅದಕ್ಕೆ ಚಿಮಣಿಗಳಾಗುತ್ತವೆ. ಹೊಗೆ ನುಗ್ಗದಂಥ ಎರಡು ಮೆಟ್ಟಿಲುಗಳು, ತೆರೆದೇ ಇರುವ ಹಾದಿಗಳು, ಪ್ರತಿ ಅಂತಸ್ತಿನಲ್ಲಿ ಆ ಸಂದುಗಳಿಗೆ ಬೆಂಕಿ ತಾಳುವ ಮುಚ್ಚಳ: ಮನೆ ಕೊಳ್ಳುವವರು ಅಮೃತಶಿಲೆಯ ನೆಲಕ್ಕಿಂತ ಮೊದಲು ನೋಡಬೇಕಾದದ್ದು ಇವನ್ನು. ಅಗ್ನಿಶಾಮಕದ ಏಣಿ ಎಲ್ಲ ಅಂತಸ್ತುಗಳನ್ನೂ ಮುಟ್ಟಲಾರದು.

ಮಂಗಳೂರಿಗೆ ಇವುಗಳ ಮೇಲೆ ತನ್ನದೇ ಆದ ಒಂದು ತೊಡಕುಂಟು. ಅದು ನೆಲದ ಕೆಳಗಿನದು. ಕರಾವಳಿಯಲ್ಲಿ ಬಾವಿ ತೋಡುವವರನ್ನು ಕೇಳಿದರೆ ಅವರೇ ಭೂಗರ್ಭವನ್ನು ಬಿಡಿಸಿ ಹೇಳಿಯಾರು. ಮೇಲೆ ಒಂದಿಷ್ಟು ಮಣ್ಣು. ಅದರ ಕೆಳಗೆ ಮುರಕಲ್ಲು. ಮುರಕಲ್ಲು ಮುಗಿದ ಮೇಲೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳ ಶೇಡಿ ಮಣ್ಣು. ಅದಕ್ಕೂ ಆಳದಲ್ಲಿ ಕರಿಬಂಡೆ. ಬಂಡೆಯೇ ಲ�ಕ್ಷಾಂತರ ವರ್ಷ ಮಳೆನೀರಿಗೆ ನವೆದು ಶೇಡಿಯಾಗಿದೆ. ಒಣಗಿದ್ದಾಗ ಶೇಡಿಯನ್ನು ಗೋಡೆಯಂತೆ ಕಡಿದು ನಿಲ್ಲಿಸಬಹುದು. ನೀರು ತುಂಬಿಕೊಂಡಿತೆಂದರೆ ಅದರ ಹಿಡಿತ ಸಡಿಲುತ್ತದೆ, ಅದು ಜಾರುತ್ತದೆ, ನೀರಿನೊಡನೆ ಕೊಚ್ಚಿಹೋಗುತ್ತದೆ. ಒಂದು ಅಂತಸ್ತಿನ ಹಂಚಿನ ಮನೆಗೆ ಮುರಕಲ್ಲಿನ ಹೊರಪದರ ಸಾಕು. ಅದರ ಕೆಳಗೆ ಏನಿದೆಯೆಂದು ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ಮೂವತ್ತು ಅಂತಸ್ತಿನ ಕಟ್ಟಡಕ್ಕೆ ಅದು ಸಾಲದು. ಅದರ ಭಾರವನ್ನೂ, ಗಾಳಿ ಬೀಸಿದಾಗ ಒಂದು ಅಂಚನ್ನು ಒತ್ತಿ ಮತ್ತೊಂದನ್ನು ಮೇಲಕ್ಕೆಳೆಯುವ ಬಲವನ್ನೂ, ಶೇಡಿಯನ್ನು ಹಾದು ಬಂಡೆಯವರೆಗೆ ಇಳಿಸಿದ ಕಾಂಕ್ರೀಟಿನ ಗೂಟಗಳು ಹೊರಬೇಕು. ಇದನ್ನು ಎಂಜಿನಿಯರುಗಳು ಬಲ್ಲರು, ಮಾಡುತ್ತಲೂ ಇದ್ದಾರೆ.

ಅಪಾಯವಿರುವುದು ಹೆಚ್ಚಾಗಿ ಕಟ್ಟಡಕ್ಕಲ್ಲ, ಅದರ ನೆರೆಯವರಿಗೆ. ವಾಹನಗಳನ್ನು ನಿಲ್ಲಿಸುವ ನೆಲಮಾಳಿಗೆಗಾಗಿ ಗುಡ್ಡದ ಬದಿಯನ್ನು ನೆಟ್ಟಗೆ ಕಡಿದಾಗ ಶೇಡಿಯ ಪದರ ಬಯಲಿಗೆ ಬೀಳುತ್ತದೆ. ಬೇಸಗೆಯಲ್ಲಿ ಆ ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಜೂನಿನ ಮಳೆ ಹತ್ತು ದಿನ ಹೊಯ್ದು ಮೇಲಿನ ಮುರಕಲ್ಲಿನ ರಂಧ್ರಗಳಿಂದ ನೀರು ಇಳಿದ ಬಳಿಕ ಅದರ ಬಣ್ಣ ಬಯಲಾಗುತ್ತದೆ. ಗುಡ್ಡದ ಮೇಲೆ ಹಿಂದಿನಿಂದ ಇದ್ದ ಸಣ್ಣ ಮನೆಯ ಅಂಗಳ ಬಿರಿಯುತ್ತದೆ. ಕೆಲವೊಮ್ಮೆ ಅಂಗಳದೊಡನೆ ಮನೆಯೂ ಜಾರುತ್ತದೆ. ಕಡಿದ ಬದಿಗೆ ಮಳೆಗಾಲಕ್ಕೆ ಮೊದಲೇ ತಡೆಗೋಡೆ ಕಟ್ಟುವುದು, ಆ ಗೋಡೆಯಲ್ಲಿ ನೀರು ಬಸಿಯಲು ತೂತುಗಳನ್ನು ಬಿಡುವುದು, ಮೇಲಿನಿಂದ ಬರುವ ನೀರನ್ನು ಚರಂಡಿಯಿಂದ ಬೇರೆಡೆಗೆ ತಿರುಗಿಸುವುದು: ಇವು ಹೊಸ ವಿಜ್ಞಾನವಲ್ಲ. ತೋಟದ ಅಗಳನ್ನು ತೆಗೆಯುವ ನರಿಕೊಂಬಿನ ಕೃಷಿಕನಿಗೂ ಇದು ಗೊತ್ತು. ವೆಚ್ಚ ಕಡಮೆ ಮಾಡಬೇಕೆಂದಾಗ ಮೊದಲು ಬಿಟ್ಟುಹೋಗುವುದು ಇವೇ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಅದಕ್ಕೆ ಬೇಕಾದವು ಒಂದು ಮೀಟರ್ ಕೋಲು, ಒಂದು ನೂಲು, ಸೆಕೆಂಡಿನ ಮುಳ್ಳಿರುವ ಗಡಿಯಾರ. ತೋಟದ ಅಂಚಿನಲ್ಲಿ ನೆರಳು ಬಯಲಿಗೆ ಬೀಳುವಂಥ ಕಂಗೊಂದನ್ನು ಆರಿಸಿಕೊಳ್ಳಿರಿ. ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ ಅದೇ ಹೊತ್ತಿಗೆ ಮರದ ನೆರಳನ್ನೂ ಅಳೆಯಿರಿ. ಸಮರೂಪ ತ್ರಿಭುಜಗಳ ನಿಯಮದಿಂದ ಮರದ ಎತ್ತರ ಸಿಕ್ಕುತ್ತದೆ. ನೂಲನ್ನು ಎದೆಮಟ್ಟದಲ್ಲಿ ಕಾಂಡಕ್ಕೆ ಸುತ್ತಿ, ಸುತ್ತಳತೆಯನ್ನು ೩.೧೪ರಿಂದ ಭಾಗಿಸಿ ದಪ್ಪವನ್ನು ಪಡೆಯಿರಿ. ಎತ್ತರವನ್ನು ದಪ್ಪದಿಂದ ಭಾಗಿಸಿ ಬರೆದಿಟ್ಟುಕೊಳ್ಳಿರಿ. ಬಳಿಕ ಗಾಳಿ ಬೀಸಿ ನಿಂತ ಕೂಡಲೆ ಮರದ ತಲೆ ಹತ್ತು ಸಲ ಹೋಗಿಬರಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಎಣಿಸಿ, ಹತ್ತರಿಂದ ಭಾಗಿಸಿರಿ. ಕಟ್ಟಡಗಳಿಗೆ ಅಂತಸ್ತೊಂದಕ್ಕೆ ಸೆಕೆಂಡಿನ ಹತ್ತನೆಯ ಒಂದಂಶ ಎಂಬುದು ಸ್ಥೂಲವಾದ ನಿಯಮ. ಮೂವತ್ತು ಅಂತಸ್ತಿನದು ಒಮ್ಮೆ ಹೋಗಿಬರಲು ಸುಮಾರು ಮೂರು ಸೆಕೆಂಡು. ನಿಮ್ಮ ಕಂಗು ಎಷ್ಟು ಅಂತಸ್ತಿನ ಕಟ್ಟಡದಂತೆ ತೂಗುತ್ತದೆಂಬುದನ್ನು ಇದರಿಂದ ಕಂಡುಕೊಳ್ಳಬಹುದು. ಎಳೆಯ ಮರ, ಮುದಿಮರಗಳೆರಡನ್ನೂ ಅಳೆದರೆ ಒಳ್ಳೆಯದು. ಮೇ ತಿಂಗಳ ಕೊನೆಯ ಸಂಜೆಗಳು ಇದಕ್ಕೆ ಅನುಕೂಲ. ಮಳೆ ಹಿಡಿದ ಮೇಲೆ ನೆರಳೂ ಸಿಕ್ಕುವುದಿಲ್ಲ, ತೋಟದಲ್ಲಿ ಉಂಬುಳದ ಕಾಟವೂ ಹೆಚ್ಚು.